ಅರಸು ಬರೆದ ತಾರೀಖು, ಅಸುಂಡಿಯ ಲಾವಣಿ

1956ರ ಮಳೆಗಾಲದಲ್ಲಿ ಗದಗ ತಾಲ್ಲೂಕಿನ ಅಸುಂಡಿ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು, ಜಿಲ್ಲೆ ಧಾರವಾಡ. ಆ ವರ್ಷ ಆಗಸ್ಟ್ 1ಕ್ಕೆ ಮುಂಬಯಿ ಸರ್ಕಾರ ತನ್ನ 1948ರ ಗೇಣಿ ಕಾನೂನಿಗೆ ತಂದ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಅದರ ಜೀವ ಇದ್ದದ್ದು ಒಂದು ತಾರೀಖಿನಲ್ಲಿ: 1957ರ ಏಪ್ರಿಲ್ 1. ಅವತ್ತು ಯಾರು ಬೇರೆಯವರ ಹೊಲವನ್ನು ಲಾವಣಿ ಹಿಡಿದು ಸ್ವತಃ ಉಳುಮೆ ಮಾಡ್ತಿರ್ತಾರೋ, ಕೆಲವು ಷರತ್ತುಗಳ ಮೇಲೆ ಅವರೇ ಆ ಹೊಲ ಖರೀದಿ ಮಾಡಿದ್ದಾರೆ ಅಂತ ಕಾನೂನು ತಿಳಿಯುತ್ತೆ. ದುಡ್ಡು ಕಂತಿನಲ್ಲಿ ಕಟ್ಟಬಹುದು. ಅದಕ್ಕೆ ಉಳುವವರ ದಿನ ಅಂತಲೇ ಹೆಸರಾಯ್ತು.

ಆದರೆ ನಡುವೆ ನವೆಂಬರ್ 1 ಬಂತು. ಕರ್ನಾಟಕ ಏಕೀಕರಣವಾಯ್ತು, ಧಾರವಾಡ ಜಿಲ್ಲೆ ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ಏಕೀಕರಣದ ಹಾಡು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನವರು. ಈ ಭಾಗದ ಜನ ದಶಕಗಳ ಕಾಲ ಕಾದು ಪಡೆದ ದಿನ ಅದು. ಹೊಸ ಸರ್ಕಾರ ಮಾತ್ರ ಮುಂಬಯಿ ಕಾನೂನಿನ ಆ ಕಲಮುಗಳನ್ನು ಅಮಾನತಿನಲ್ಲಿಟ್ಟಿತು. ಐದು ಕಡೆಯಿಂದ ಬಂದ ಐದು ಥರದ ಗೇಣಿ ಕಾನೂನುಗಳನ್ನು ಒಂದು ಮಾಡಬೇಕು ಅಂತ ಬಿ.ಡಿ. ಜತ್ತಿ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಏಪ್ರಿಲ್ 1 ಸಾತಾರಾಕ್ಕೆ ಬಂತು, ಕೊಲ್ಹಾಪುರಕ್ಕೆ ಬಂತು. ಗದಗಕ್ಕೆ ಬರಲಿಲ್ಲ.

ಅಂಥದ್ದೇ ಒಂದು ತಾರೀಖು ಈ ಊರುಗಳಿಗೆ ಮತ್ತೆ ಸಿಗೋಕೆ ಸುಮಾರು 17 ವರ್ಷ ಬೇಕಾಯ್ತು. ಅದನ್ನು ತಂದವರು ರಾಜ್ಯದ ಇನ್ನೊಂದು ತುದಿಯವರು, ಡಿ. ದೇವರಾಜ ಅರಸು. ನಮ್ಮ ತಲೆಮಾರಿಗೆ ಅವರು ಒಂದು ಭವನದ ಹೆಸರು, ಒಂದು ನಿಗಮದ ಹೆಸರು, ಆಗಸ್ಟ್ 20ಕ್ಕೆ ಹಾರ ಹಾಕುವ ಫೋಟೋ. ಹಿಂದುಳಿದ ವರ್ಗಗಳ ನಾಯಕ ಅನ್ನೋ ಬಿರುದಿನ ಕೆಳಗೆ ಅವರು ಮಾಡಿದ ಕೆಲಸದ ಒಳಗಿನ ಕೀಲುಗಳು ಮುಚ್ಚಿಹೋಗಿವೆ. ನನಗೆ ಆಸಕ್ತಿ ಆ ಕೀಲುಗಳಲ್ಲಿ. ಬೇರೆಯವರ ಆಸ್ತಿಯಲ್ಲಿ ಬದುಕು ಕಟ್ಟಿಕೊಂಡವರನ್ನು ಒಕ್ಕಲೆಬ್ಬಿಸದ ಹಾಗೆ ನೋಡಿಕೊಳ್ಳೋದು ಹೇಗೆ ಅನ್ನೋ ಪ್ರಶ್ನೆಗೆ ಕರ್ನಾಟಕ ಕೊಟ್ಟ ಅತಿ ಗಟ್ಟಿಯಾದ ಉತ್ತರ ಅವರ ಬದುಕಿನಲ್ಲಿದೆ. ಆ ಉತ್ತರದ ಸೋಲೂ ಅಲ್ಲೇ ಇದೆ.

ಕಲ್ಲಹಳ್ಳಿಯ ಪದವೀಧರ

1915ರ ಆಗಸ್ಟ್ 20ರಂದು ಹುಟ್ಟಿದ ಅರಸು, ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಅವರ ಸಮುದಾಯಕ್ಕೆ ಮೈಸೂರು ರಾಜಮನೆತನದ ನೆಂಟಸ್ತಿಕೆ ಇತ್ತು. ಆದರೆ ಚುನಾವಣೆಯ ಲೆಕ್ಕದಲ್ಲಿ ಅದು ಎಲ್ಲೂ ನಿಲ್ಲದಷ್ಟು ಸಣ್ಣ ಸಮುದಾಯ. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಮುಗಿಸಿದರು. ಆ ಕಾಲಕ್ಕೆ ಅಷ್ಟು ಓದಿದ್ರೆ ಸರ್ಕಾರಿ ನೌಕರಿ ಹುಡುಕಿಕೊಂಡು ಬರುತ್ತಿತ್ತು. ಅವರು ಊರಿಗೆ ವಾಪಸ್ ಹೋಗಿ ಬೇಸಾಯಕ್ಕೆ ಇಳಿದರು.

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಅರಮನೆಯ ನೆಂಟರ ಪೈಕಿಯವರು ಕಾಂಗ್ರೆಸ್ ಸೇರೋದು ಆಗ ಸಲೀಸಾದ ಮಾತಲ್ಲ. ಅರಸು ಸೇರಿದರು, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೂ ಹೋದರು. 1952ರ ಮೊದಲ ಚುನಾವಣೆಯಲ್ಲಿ ಹುಣಸೂರಿನಿಂದ ಶಾಸಕರಾದರು. ಅಲ್ಲಿಂದ ಮುಂದಿನ ಇಪ್ಪತ್ತು ವರ್ಷ ಅವರು ರಾಜ್ಯ ರಾಜಕಾರಣದ ಎರಡನೇ ಸಾಲಿನಲ್ಲಿದ್ದವರು. ಅರವತ್ತರ ದಶಕದಲ್ಲಿ ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯೂ ಆಗಿದ್ದರು. ಎರಡು ಪ್ರಬಲ ಸಮುದಾಯಗಳ ಹಗ್ಗಜಗ್ಗಾಟದಲ್ಲಿ ಮೂರನೆಯವರಿಗೆ ಮೊದಲ ಸಾಲು ಸಿಗುತ್ತಿರಲಿಲ್ಲ.

ಎರಡನೇ ಸಾಲಿನಲ್ಲಿ ಕೂತವರಿಗೆ ಒಂದು ಅನುಕೂಲ ಇರುತ್ತೆ. ಕಾನೂನು ಹೇಗೆ ಪಾಸಾಗುತ್ತೆ, ಪಾಸಾದ ಮೇಲೆ ಹಳ್ಳಿಯಲ್ಲಿ ಅದಕ್ಕೆ ಏನಾಗುತ್ತೆ, ಎರಡನ್ನೂ ನೋಡೋಕೆ ಸಮಯ ಸಿಗುತ್ತೆ.

ರಕ್ಷಣೆಯ ಹೆಸರಲ್ಲಿ ಒಕ್ಕಲೆಬ್ಬಿಸಿದ ಕಾನೂನು

ಆ ಇಪ್ಪತ್ತು ವರ್ಷದಲ್ಲಿ ನೋಡೋಕೆ ಸಿಕ್ಕಿದ್ದು ಕಡಿಮೆಯಲ್ಲ. 1951ರಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಕೇಳಿದ್ದು ಭೂಮಿಯನ್ನಲ್ಲ. ಗೇಣಿ ಭತ್ತ ಅಳೆಯುವ ಕೊಳಗ ನ್ಯಾಯವಾಗಿರಲಿ, ಕೊಟ್ಟಿದ್ದಕ್ಕೆ ರಸೀದಿ ಕೊಡಿ ಅಂತ ಅಷ್ಟೇ. ಅದಕ್ಕೆ ಒಡೆಯರ ಉತ್ತರ ಒಕ್ಕಲೆಬ್ಬಿಸೋದು. ಗಣಪತಿಯಪ್ಪ ಕಟ್ಟಿದ ರೈತ ಸಂಘ, ಸಮಾಜವಾದಿಗಳು, ಶಾಂತವೇರಿ ಗೋಪಾಲಗೌಡರು ಸೇರಿ ಅದನ್ನು ಸತ್ಯಾಗ್ರಹ ಮಾಡಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉತ್ತರ ಕನ್ನಡದಲ್ಲಿ ಅದಕ್ಕೂ ಮುಂಚೆಯೇ ದಿನಕರ ದೇಸಾಯಿ ಗೇಣಿ ರೈತರನ್ನು ಸಂಘಟಿಸಿ ಜಿಲ್ಲೆಯಿಂದಲೇ ಗಡಿಪಾರಾಗಿದ್ದರು.

ಇಷ್ಟೆಲ್ಲ ಒತ್ತಡದ ಮೇಲೆ, ಜತ್ತಿ ಸಮಿತಿಯ ವರದಿಯ ಆಧಾರದ ಮೇಲೆ, 1961ರ ಭೂಸುಧಾರಣಾ ಕಾಯ್ದೆ ಬಂತು. ಓದೋಕೆ ಚೆನ್ನಾಗಿತ್ತು. ಗೇಣಿದಾರರನ್ನು ಮನಸ್ಸಿಗೆ ಬಂದ ಹಾಗೆ ಎಬ್ಬಿಸುವಂತಿಲ್ಲ, ಗೇಣಿಗೆ ಮಿತಿ ಇದೆ. ಆದರೆ ಅದರಲ್ಲಿ ಎರಡು ಬಾಗಿಲು ತೆರೆದಿದ್ದವು. ಮೊದಲನೆಯದು, ಸ್ವಂತ ಸಾಗುವಳಿ ಮಾಡ್ತೀನಿ ಅಂತ ಹೇಳಿ ಮಾಲೀಕ ಹೊಲ ವಾಪಸ್ ಕೇಳಬಹುದು. ಎರಡನೆಯದು ಸಮಯ. 1961ರ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ಇಂಥ ಕಾನೂನು ಬರ್ತಿದೆ ಅಂತ ಮುಂಚೆ ಗೊತ್ತಾದರೆ ಲಾಭ ಯಾರಿಗೆ? ವಕೀಲರ ಪರಿಚಯ ಇರೋರಿಗೆ, ಶಾನುಭೋಗರ ಮನೆಗೆ ಸಲೀಸಾಗಿ ಹೋಗಿ ಬರೋರಿಗೆ. ಗೇಣಿದಾರ ತಾನಾಗೇ ಹೊಲ ಬಿಟ್ಟುಕೊಟ್ಟ ಅಂತ ಕಾಗದವಾಗೋದು, ದಾಖಲೆಯಿಂದ ಅವನ ಹೆಸರು ಮಾಯವಾಗೋದು, ಒಂದೇ ಹೊಲಕ್ಕೆ ವರ್ಷಕ್ಕೊಬ್ಬ ಒಕ್ಕಲನ್ನು ಬದಲಿಸೋದು, ಇವೆಲ್ಲ ಇಡೀ ದೇಶದ ಗೇಣಿ ಕಾನೂನುಗಳ ಹಿಂದೆಯೇ ನಡೆದುಬಂದ ತಂತ್ರಗಳು. ರಕ್ಷಣೆಯ ಮಾತು ಕೊಟ್ಟ ಕಾನೂನೇ ಒಕ್ಕಲೆಬ್ಬಿಸೋಕೆ ಕಾರಣವಾಯ್ತು.

ಈ ಕಾನೂನಿನಲ್ಲಿ ಹಕ್ಕು ಗೇಣಿದಾರನದ್ದು, ಅದನ್ನು ಸಾಬೀತು ಮಾಡುವ ಹೊರೆಯೂ ಗೇಣಿದಾರನದ್ದೇ. ಕಾಗದ ಮಾತ್ರ ಮಾಲೀಕನ ಪೆಟ್ಟಿಗೆಯಲ್ಲಿ. ಬಾಯಿಮಾತಿನ ಲಾವಣಿ ಮಾಡಿದವರು, ರಸೀದಿ ಇಲ್ಲದೆ ಜೋಳ ಅಳೆದುಕೊಟ್ಟವರು ಕೋರ್ಟಿಗೆ ಹೋಗಿ ತೋರಿಸೋದು ಏನನ್ನು?

1974ರ ಮಾರ್ಚ್ 1

1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಘಟಾನುಘಟಿಗಳೆಲ್ಲ ನಿಜಲಿಂಗಪ್ಪನವರ ಕಡೆ ನಿಂತರು. ಅರಸು ಇಂದಿರಾ ಗಾಂಧಿ ಕಡೆ ಹೋದರು. ಕೈಯಲ್ಲಿ ಪಕ್ಷದ ಕಟ್ಟಡವೂ ಇಲ್ಲ, ಹಳೆಯ ಮುಖಂಡರೂ ಇಲ್ಲ. ಹಾಗಾಗಿ ಹೊಸಬರನ್ನು ಹುಡುಕಬೇಕಾಯ್ತು. ಅದುವರೆಗೆ ಟಿಕೆಟ್ಟಿನ ಪಟ್ಟಿಯಲ್ಲಿ ಕಾಣದ ಸಣ್ಣ ಸಣ್ಣ ಜಾತಿಗಳ ಯುವಕರು, ದಲಿತರು, ಮುಸ್ಲಿಮರು ಅವರ ಅಭ್ಯರ್ಥಿಗಳಾದರು. 1972ರ ಚುನಾವಣೆಯಲ್ಲಿ 216ರಲ್ಲಿ 165 ಸ್ಥಾನ ಬಂತು. ಮಾರ್ಚ್ 20ಕ್ಕೆ ಅರಸು ಮುಖ್ಯಮಂತ್ರಿಯಾದರು. ಕಾಗೋಡಿನ ಹೋರಾಟವನ್ನು ವಿಧಾನಸಭೆಗೆ ತಂದ ಗೋಪಾಲಗೌಡರು ಅದೇ ವರ್ಷ ಜೂನ್‌ನಲ್ಲಿ, 49ನೇ ವಯಸ್ಸಿಗೆ ತೀರಿಕೊಂಡರು. ತಾವು ಕೇಳಿದ್ದು ಕಾನೂನಾಗೋದನ್ನು ನೋಡೋಕೆ ಅವರಿಗೆ ಸಿಗಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದ 1973ರಲ್ಲೇ ಭೂಸುಧಾರಣೆಯ ತಿದ್ದುಪಡಿಯೂ ಸದನದಲ್ಲಿ ಪಾಸಾಯ್ತು. ಜಾರಿಯ ದಿನ 1974ರ ಮಾರ್ಚ್ 1. ಉಳುವವನೇ ಹೊಲದೊಡೆಯ ಅನ್ನೋ ಘೋಷಣೆ ಎಲ್ಲರಿಗೂ ಗೊತ್ತು. ಆದರೆ ಘೋಷಣೆ ಹೊಲ ಕೊಡಲ್ಲ. ಕೊಟ್ಟದ್ದು ಅದರ ಕೆಳಗಿನ ನಾಲ್ಕು ವ್ಯವಸ್ಥೆಗಳು.

ಒಂದು, ತಾರೀಖು. ಮಾರ್ಚ್ 1ಕ್ಕೆ ಗೇಣಿಯಲ್ಲಿರುವ ಎಲ್ಲ ಜಮೀನೂ ಸರ್ಕಾರಕ್ಕೆ ಸೇರಿತು ಅಂತ ಕಾನೂನು ಹೇಳಿಬಿಟ್ಟಿತು. ಅಂದರೆ ಆ ದಿನದಿಂದ ಗೇಣಿದಾರನಿಗೂ ಹಳೆಯ ಒಡೆಯನಿಗೂ ನೇರ ಜಗಳವೇ ಇಲ್ಲ. ಒಕ್ಕಲೆಬ್ಬಿಸುವ ಅಧಿಕಾರವೇ ಮಾಲೀಕನ ಕೈಯಿಂದ ಹೋಯ್ತು. ಅವರಿಗೆ ಪರಿಹಾರ ಸರ್ಕಾರದಿಂದ, ಗೇಣಿದಾರ ಕಟ್ಟುವ ಹಣ ಸರ್ಕಾರಕ್ಕೆ.

ಎರಡು, ಅರ್ಜಿ. ನಮೂನೆ 7 ಅನ್ನೋ ಒಂದು ಫಾರಂ ತುಂಬಿ ಕೊಟ್ಟರೆ ಸಾಕು. ಇವತ್ತಿಗೂ ಹಳ್ಳಿಗಳಲ್ಲಿ ಏಳನೇ ನಂಬರ್ ಅರ್ಜಿ ಅಂದ್ರೆ ಹಿರಿಯರಿಗೆ ಬೇರೆ ವಿವರಣೆ ಬೇಕಿಲ್ಲ. ಕೊನೆಯ ದಿನವನ್ನು ಮತ್ತೆ ಮತ್ತೆ ಮುಂದೂಡಿ 1979ರ ಜೂನ್ 30ರವರೆಗೆ ತಂದರು. ಹೆದರಿಕೊಂಡು ಸುಮ್ಮನಿದ್ದವರು, ಒಡೆಯರ ಮುಖ ನೋಡಿ ಹಿಂಜರಿದವರು ಧೈರ್ಯ ಮಾಡೋಕೆ ಐದು ವರ್ಷ ಸಿಕ್ಕಿತು.

ಮೂರು, ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸುವ ನಾಲ್ವರು ಸದಸ್ಯರು, ಅವರಲ್ಲಿ ಪರಿಶಿಷ್ಟರಿಗೆ ಜಾಗ ಕಡ್ಡಾಯ. ಈ ಮಂಡಳಿ ಮುಂದೆ ವಕೀಲರು ವಾದಿಸೋ ಹಾಗಿಲ್ಲ. ಸಿವಿಲ್ ಕೋರ್ಟು ಈ ವಿಷಯಕ್ಕೆ ಕೈ ಹಾಕೋ ಹಾಗಿಲ್ಲ. ಅಕ್ಕಪಕ್ಕದ ಹೊಲದವರು ಬಂದು, ಇವರೇ ಇಷ್ಟು ವರ್ಷದಿಂದ ಉಳ್ತಿರೋದು ಅಂತ ಹೇಳಿದರೆ ಆ ಮಾತಿಗೆ ಬೆಲೆ ಸಿಗುವ ಜಾಗ ಅದು. ರಸೀದಿ ಇಲ್ಲದವರಿಗೆ ಊರೇ ರಸೀದಿ.

ನಾಲ್ಕು, ಹಳೆಯ ಬಾಗಿಲುಗಳಿಗೆ ಚಿಲಕ. ಸ್ವಂತ ಸಾಗುವಳಿಯ ನೆಪ ಹೋಯ್ತು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಇನ್ನು ಮುಂದೆ ಹೊಲ ಗೇಣಿಗೆ ಕೊಡೋದೇ ನಿಷಿದ್ಧ. ಹೀಗೆ ಸಿಕ್ಕಿದ ಹೊಲವನ್ನು ಬಡತನದ ಒತ್ತಡಕ್ಕೆ ಮತ್ತೆ ಮಾರಿಬಿಡದ ಹಾಗೆ 15 ವರ್ಷದ ತಡೆ.

ಎಂಜಿನಿಯರಿಂಗ್ ಓದಿದ ನನ್ನ ತಲೆಗೆ ಇದು ಡಿಫಾಲ್ಟ್ ಸೆಟ್ಟಿಂಗ್ ಬದಲಿಸಿದ ಹಾಗೆ ಕಾಣುತ್ತೆ. ಮೊದಲು ಯಾರೂ ಏನೂ ಮಾಡದೆ ಸುಮ್ಮನಿದ್ದರೆ ಹೊಲ ಮಾಲೀಕನದ್ದೇ. ಅರಸು ಕಾನೂನಿನ ಮೇಲೆ, ಯಾರೂ ಏನೂ ಮಾಡದಿದ್ದರೂ ಹೊಲ ಮಾಲೀಕನ ಹತ್ತಿರ ಇರಲ್ಲ. ಓಡಾಡುವ ಕಷ್ಟ ಬಲವಿದ್ದವರ ಹೆಗಲಿಗೆ ಹೋಯ್ತು.

ಅರ್ಜಿಗಳು ಎಂಟು ಲಕ್ಷ ದಾಟಿದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ಭೂಸುಧಾರಣೆಯ ಹೊಣೆ ಹೊತ್ತ ಮಂತ್ರಿ ಬಿ. ಸುಬ್ಬಯ್ಯ ಶೆಟ್ಟರ ದಕ್ಷಿಣ ಕನ್ನಡದಲ್ಲಿ ಇದು ಒಂದು ತಲೆಮಾರಿನ ಬದುಕನ್ನೇ ಬದಲಿಸಿತು. ತಮ್ಮ ಎರಡನೇ ಅವಧಿಯಲ್ಲಿ ಅರಸು ಇನ್ನೊಂದು ಹೆಜ್ಜೆ ಇಟ್ಟರು. ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡು ಬದುಕುತ್ತಿದ್ದ ಕೃಷಿ ಕಾರ್ಮಿಕರಿಗೆ ಆ ಮನೆ ಮತ್ತು ಅದರ ಅಡಿಜಾಗದ ಹಕ್ಕು ಸಿಗುವ ಹಾಗೆ 1979ರ ಹೊತ್ತಿಗೆ ಕಾನೂನು ತಿದ್ದಿದರು. ಕೂಲಿಗೆ ಬರಲ್ಲ ಅಂದ್ರೆ ಮನೆ ಖಾಲಿ ಮಾಡು ಅನ್ನೋ ಬೆದರಿಕೆ ಎಷ್ಟು ಹಳೆಯದು ಅಂತ ಗೊತ್ತಿದ್ದವರಿಗೆ ಆ ಕಲಮಿನ ತೂಕ ತಿಳಿಯುತ್ತೆ.

ಲೆಕ್ಕದ ಇನ್ನೊಂದು ಬದಿ

ಅರಸು ಅವರನ್ನು ದೇವರು ಮಾಡೋಕೆ ನನಗೆ ಇಷ್ಟವಿಲ್ಲ. ಈ ಕಾನೂನಿನ ಬಹುಪಾಲು ಅನುಷ್ಠಾನ ನಡೆದದ್ದು ತುರ್ತು ಪರಿಸ್ಥಿತಿಯ ನೆರಳಿನಲ್ಲಿ. ನ್ಯಾಯಮಂಡಳಿಯ ಸದಸ್ಯರನ್ನು ಆರಿಸಿದ್ದು ಸರ್ಕಾರ, ಅಂದರೆ ಪಕ್ಷ. ವಕೀಲರನ್ನು ಹೊರಗಿಟ್ಟದ್ದು ಬಡವರಿಗೆ ಅನುಕೂಲ, ಆದರೆ ತಪ್ಪು ತೀರ್ಪಾದಾಗ ಮೇಲ್ಮನವಿಗೆ ಜಾಗವೇ ಇರಲಿಲ್ಲ. ರಿಟ್ ಅರ್ಜಿಗಳ ರೂಪದಲ್ಲಿ ಜಗಳಗಳೆಲ್ಲ ಹೈಕೋರ್ಟಿಗೆ ಹೋಗಿ ಬಿದ್ದವು, ಎಷ್ಟೋ ಪ್ರಕರಣ ದಶಕಗಳ ಕಾಲ ಎಳೆದವು. ನಗರದಲ್ಲಿ ಸಣ್ಣ ನೌಕರಿ ಮಾಡಿಕೊಂಡು ಎರಡೆಕರೆ ಗೇಣಿಗೆ ಕೊಟ್ಟಿದ್ದವರು, ಗಂಡ ಸತ್ತ ಮೇಲೆ ಗೇಣಿಯ ಭತ್ತವೊಂದನ್ನೇ ನಂಬಿದ್ದ ಹೆಣ್ಣುಮಕ್ಕಳು ಸಹ ದೊಡ್ಡ ಜಮೀನ್ದಾರರ ಜೊತೆಗೇ ಕಳೆದುಕೊಂಡರು. ಆ ನೋವು ನಿಜ.

ಇನ್ನೂ ದೊಡ್ಡ ಮಾತು ಗದಗದಂಥ ಬಯಲುಸೀಮೆಯದ್ದು. ಕಾಯ್ದೆಯ ಗರಿಷ್ಠ ಮಿತಿ ಮಳೆಯಾಶ್ರಿತ ಕೊನೆ ದರ್ಜೆಯ ಜಮೀನಿಗೆ ಕುಟುಂಬಕ್ಕೆ 54 ಎಕರೆ. ಇಷ್ಟು ಎತ್ತರದ ಮಿತಿ ಎಷ್ಟು ಮನೆಗಳನ್ನು ಮುಟ್ಟೀತು? ಹೆಚ್ಚುವರಿ ಭೂಮಿ ಭೂಹೀನರಿಗೆ ಸಿಗುತ್ತೆ ಅನ್ನೋ ಭರವಸೆ ಬಹಳ ಮಟ್ಟಿಗೆ ಕಾಗದದಲ್ಲೇ ಉಳಿಯಿತು. ಗೇಣಿದಾರ ಅನ್ನಿಸಿಕೊಂಡವರಿಗೆ ಹೊಲ ಬಂತು. ಅವರ ಹೊಲದಲ್ಲಿ ಕಳೆ ಕಿತ್ತವರಿಗೆ, ಆ ಪೈಕಿ ಬಹುಪಾಲು ದಲಿತರಿಗೆ, ಕೂಲಿಯೇ ಗತಿ.

ಕುರ್ಚಿ, ಸೋಲು, ಸಾವು

1977ರ ಕೊನೆಯ ದಿನ ಕೇಂದ್ರದ ಜನತಾ ಸರ್ಕಾರ ಅರಸು ಸರ್ಕಾರವನ್ನು ವಜಾ ಮಾಡಿತು. ಭ್ರಷ್ಟಾಚಾರದ ಆರೋಪಗಳ ತನಿಖೆಗೆ ಗ್ರೋವರ್ ಆಯೋಗ ಬಂದಿತ್ತು. ಇಡೀ ಉತ್ತರ ಭಾರತದಲ್ಲಿ ಇಂದಿರಾ ಕಾಂಗ್ರೆಸ್ ನೆಲಕಚ್ಚಿದ್ದ ಕಾಲ ಅದು. ಎರಡೇ ತಿಂಗಳಲ್ಲಿ ಚುನಾವಣೆಗೆ ಹೋದ ಅರಸು 224ರಲ್ಲಿ 149 ಗೆದ್ದು ಮರಳಿ ಬಂದರು. ನಮೂನೆ 7 ತುಂಬಿದವರು ಮರೆತಿರಲಿಲ್ಲ ಅಂತ ನಾನು ಅದನ್ನು ಓದುತ್ತೇನೆ. ಅದೇ ವರ್ಷ ಚಿಕ್ಕಮಗಳೂರಿನಿಂದ ಇಂದಿರಾ ಅವರನ್ನು ಲೋಕಸಭೆಗೆ ಗೆಲ್ಲಿಸಿ ಕಳಿಸಿದವರೂ ಅರಸುವೇ.

ವರ್ಷ ತುಂಬೋದರೊಳಗೆ ಇಬ್ಬರ ಸಂಬಂಧ ಮುರಿಯಿತು. 1979ರಲ್ಲಿ ಅರಸು ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 27 ಸ್ಥಾನ ಇಂದಿರಾ ಪಾಲಾದವು, ಅರಸು ಪಕ್ಷಕ್ಕೆ ಒಂದೂ ಇಲ್ಲ. ಅವರೇ ಟಿಕೆಟ್ ಕೊಟ್ಟು ಬೆಳೆಸಿದ ಶಾಸಕರು ರಾತ್ರೋರಾತ್ರಿ ಆ ಕಡೆ ಹೋದರು. ಕುರ್ಚಿ ಬಿಟ್ಟ ಮೇಲೂ ಕ್ರಾಂತಿರಂಗ ಅಂತ ಹೊಸ ಪಕ್ಷ ಕಟ್ಟೋ ಪ್ರಯತ್ನದಲ್ಲಿದ್ದರು. 1982ರ ಜೂನ್ 6ರಂದು, 66ನೇ ವಯಸ್ಸಿನಲ್ಲಿ ತೀರಿಕೊಂಡರು.

ಶಾಸಕರು ಬಿಟ್ಟುಹೋದರು, ಮುಂದಿನ ಸರ್ಕಾರಗಳು ಬಂದವು. ಆದರೆ ಉತಾರದಲ್ಲಿ ಬರೆದ ಹೆಸರನ್ನು ಅಳಿಸೋಕೆ ಯಾರಿಂದಲೂ ಆಗಲಿಲ್ಲ. ಕೊಟ್ಟದ್ದು ದಾಖಲೆಗೆ ಹೋಗಿತ್ತಲ್ಲ, ಅದಕ್ಕೆ.

ಈಗಿನ ಲಾವಣಿ, ಈಗಿನ ಬಾಡಿಗೆ

ಈಗ ಅಸುಂಡಿಗೆ ಮರಳೋಣ. ಅಸುಂಡಿ, ಮುಳಗುಂದ, ಲಕ್ಷ್ಮೇಶ್ವರ, ಮುಂಡರಗಿ, ಈ ಸೀಮೆಯಲ್ಲಿ ಎಲ್ಲಿ ಹೋದರೂ ಲಾವಣಿ ಇವತ್ತಿಗೂ ಇದೆ. ಮಾಲೀಕರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರ್ತಾರೆ. ಎಕರೆಗೆ ಇಷ್ಟು ಅಂತ ಮುಂಗಡ ಕೊಟ್ಟು, ಇಲ್ಲವೇ ಪಾಲಿನ ಮೇಲೆ, ಹೆಸರು, ಶೇಂಗಾ, ಕಡಲೆ ಬೆಳೆಯೋರು ಬೇರೆ. ಕಾನೂನಿನ ಪ್ರಕಾರ ಇದು ಇಲ್ಲವೇ ಇಲ್ಲ, ಯಾಕಂದ್ರೆ 1974ರಿಂದ ಗೇಣಿಗೆ ಕೊಡೋದು ನಿಷಿದ್ಧ. ಹಾಗಾಗಿ ಎಲ್ಲ ಬಾಯಿಮಾತು. ಬೆಳೆಸಾಲ, ಬೆಳೆ ವಿಮೆ, ಬರ ಪರಿಹಾರ ಎಲ್ಲ ಹೋಗೋದು ಉತಾರದಲ್ಲಿ ಹೆಸರಿದ್ದವರ ಜಾಡು ಹಿಡಿದು. ಮಳೆ ಕೈಕೊಟ್ಟರೆ ನಷ್ಟ ಉತ್ತವರದ್ದು, ಪರಿಹಾರ ಉತಾರದವರದ್ದು. ಮುಂದಿನ ಯುಗಾದಿಗೆ ಹೊಲ ಬಿಡು ಅಂದ್ರೆ ಬಿಡಬೇಕು. ಅರಸು ಒಂದು ಕಾಲದ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದರು, ಮುಂದಿನ ಗೇಣಿದಾರರಿಗೆ ಮಾತ್ರ ಹೆಸರೇ ಇಲ್ಲದ ಹಾಗಾಯ್ತು. ಈ ನಡುವೆ 2020ರಲ್ಲಿ ಕೃಷಿಕರಲ್ಲದವರು ಭೂಮಿ ಕೊಳ್ಳೋಕೆ ಇದ್ದ ತಡೆಯನ್ನು ಸರ್ಕಾರ ತೆಗೆಯಿತು. ಕೊಳ್ಳೋರಿಗೆ ಬಾಗಿಲು ತೆರೆದವರು ಉಳೋರನ್ನು ದಾಖಲಿಸುವ ಗೋಜಿಗೆ ಹೋಗಲಿಲ್ಲ.

ಹೊಲ ಇಲ್ಲ ಅಂತ ನಗರಕ್ಕೆ ಬಂದವರ ಕಥೆ ಬೇರೆಯಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಯಾವ ಕಾರಣಗಳಿಗೆ ಮಾತ್ರ ಮನೆ ಖಾಲಿ ಮಾಡಿಸಬಹುದು ಅಂತ ಪಟ್ಟಿ ಕೊಡುತ್ತೆ. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ಬಾಡಿಗೆ ಮನೆಗೆ ಅದು ಅನ್ವಯಿಸಲ್ಲ. ಬೆಂಗಳೂರಿನಲ್ಲಿ ಈಗ 3,500ಕ್ಕೆ ಪಿಜಿಯ ಒಂದು ಮಂಚ ಸಿಗೋದೂ ಕಷ್ಟ. ಮಿಕ್ಕವರಿಗೆ ಉಳಿಯೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬರಹದಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಸಾಕು. ಒಂದು ವರ್ಷ ಮೀರಿದ ಕರಾರಾದರೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರ ಕೈಯಲ್ಲೂ 11 ತಿಂಗಳ ಕಾಗದ. ಕೋರ್ಟಿಗೆ ಹೋಗದೆ ಬೀಗ ಹಾಕೋದು, ಸಾಮಾನು ಹೊರಗೆ ಎಸೆಯೋದು ಕಾನೂನುಬಾಹಿರ. ಹಾಗೆ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ಮರಳಿ ಪಡೆಯಬಹುದು. ಆದರೆ ಅದಕ್ಕೆ ವಕೀಲರು, ಖರ್ಚು, ವರ್ಷಗಟ್ಟಲೆ ಓಡಾಟ. ಜಾತಿಯ ಕಾರಣಕ್ಕೋ ಧರ್ಮದ ಕಾರಣಕ್ಕೋ ಮನೆ ಬಿಡು ಅನ್ನಿಸಿಕೊಂಡವರಲ್ಲಿ ಎಷ್ಟು ಜನ ಆ ಮೆಟ್ಟಿಲು ಹತ್ತುತ್ತಾರೆ? 1961ರ ಕಾಯ್ದೆಯ ರೋಗವೇ ಇದು. ಹಕ್ಕು ಬಾಡಿಗೆದಾರರದ್ದು, ಓಡಾಟವೂ ಅವರದ್ದೇ.

ಹಾಗಂತ ಬಾಡಿಗೆ ಮನೆಯೆಲ್ಲ ಬಾಡಿಗೆದಾರರಿಗೇ ಕೊಡಿ ಅಂತ ನಾನು ಕೇಳುತ್ತಿಲ್ಲ. 1974ರ ಉತ್ತರವನ್ನು ಹಾಗೇ ಇಳಿಸೋದು ಸಾಧ್ಯವಿಲ್ಲ, ಇಳಿಸಲೂಬಾರದು. ಎರಡು ಮನೆ ಕಟ್ಟಿ ಒಂದನ್ನು ಬಾಡಿಗೆಗೆ ಕೊಟ್ಟ ನಿವೃತ್ತ ಮೇಷ್ಟ್ರು ಜಮೀನ್ದಾರರಲ್ಲ. ಕಲಿಯಬೇಕಾದದ್ದು ಅದರ ವಿನ್ಯಾಸವನ್ನು. ಇರುವವರ ಹೆಸರು ದಾಖಲೆಗೆ ಬರಲಿ, ದೂರು ಒಂದು ಫಾರಂನಲ್ಲಿ ಮುಗಿಯಲಿ, ತೀರ್ಮಾನ ತಾಲ್ಲೂಕಿನಲ್ಲೇ ಬೇಗ ಆಗಲಿ, ಅದರ ಮೇಲೆ ಮೇಲ್ಮನವಿಗೂ ಜಾಗ ಇರಲಿ, ಎಬ್ಬಿಸುವವರೇ ಕಾರಣ ಸಾಬೀತು ಮಾಡಲಿ. ಆಂಧ್ರಪ್ರದೇಶ 2011ರಲ್ಲೇ ಗೇಣಿ ರೈತರಿಗೆ ಗುರುತಿನ ಚೀಟಿ ಕೊಟ್ಟು ಸಾಲ, ವಿಮೆಗೆ ದಾರಿ ಮಾಡುವ ಕಾನೂನು ತಂದಿತು, ಮಾಲೀಕತ್ವಕ್ಕೆ ಕೈ ಹಾಕದೆ. ಅನುಷ್ಠಾನದಲ್ಲಿ ಕೊರತೆಗಳಿದ್ದವು, ಆದರೆ ದಾರಿ ಇದೆ ಅಂತ ತೋರಿಸಿತು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಮನೆಗಳ ಮುಂಗಡಕ್ಕೆ ಎರಡು ತಿಂಗಳ ಬಾಡಿಗೆಯ ಮಿತಿ ಹೇಳುತ್ತೆ. ಅದು ಮಾದರಿ ಅಷ್ಟೇ, ರಾಜ್ಯ ತನ್ನ ಕಾನೂನು ಮಾಡಿದಾಗಲೇ ಅದಕ್ಕೆ ಹಲ್ಲು ಬರೋದು.

ಆಗಸ್ಟ್ 20ಕ್ಕೆ ನಿಮ್ಮ ಕ್ಷೇತ್ರದ ಶಾಸಕರು ಅರಸು ಫೋಟೋಕ್ಕೆ ಹಾರ ಹಾಕೋಕೆ ಬಂದೇ ಬರ್ತಾರೆ. ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ. 3,500 ರೂಪಾಯಿಯ ಮಿತಿಯನ್ನು ಯಾವಾಗ ಬದಲಿಸ್ತೀರಿ? ಲಾವಣಿ ಮಾಡುವವರ ಹೆಸರನ್ನು ಯಾವ ದಾಖಲೆಯಲ್ಲಿ ಬರೀತೀರಿ? ನೋಡೋಣ ಅಂತ ಹೇಳಿದರೆ ಅಲ್ಲಿಗೇ ಬಿಡಬೇಡಿ, ತಾರೀಖು ಕೇಳಿ.